ಸ್ಕೇಲ್ ಮಾಡೆಲ್ (ನಿಜವಾದ ವಸ್ತುವಿನ ಅಳತೆಗೆ ತಕ್ಕ ಪುಟ್ಟ ಪ್ರತಿರೂಪ) ಕಟ್ಟುವಾಗ ಕೆಲಸ ಉಳಿಸುವ ಅಡ್ಡದಾರಿ ಹಿಡಿದರೆ ಅದು ಮೋಸವೇ?

ಅಲ್ಲ. ಸ್ಪರ್ಧೆಯ ನಿಯಮ ಮೀರಿದರೆ, ಅಥವಾ ಬೇರೆಯವರು ಬಣ್ಣ ಬಳಿದದ್ದನ್ನು ನನ್ನದೆಂದು ಹೇಳಿಕೊಂಡರೆ ಮಾತ್ರ ಮೋಸ.

ಕಾರಣ ಅಳತೆಯಲ್ಲೇ ಇದೆ. 1/72 ಅಳತೆಯ (ನಿಜಕ್ಕಿಂತ 72 ಪಟ್ಟು ಚಿಕ್ಕ) ವಿಮಾನದ ಕಿಟ್‌ನಲ್ಲಿ ತಗಡುಗಳ ನಡುವಿನ ಗೀರು 0.2 ಮಿ.ಮೀ. ಇದ್ದರೂ, ನಿಜವಾದ ವಿಮಾನದಲ್ಲಿ ಅದು 14 ಮಿ.ಮೀ. ಮೀರಿದ ಸಂದು! ಅಂಥದ್ದನ್ನು ಯಾರೂ ಹಾರಿಸಲಾರರು. ಕಣ್ಣಿಗೆ ಕಾಣಲೆಂದು ಕಿಟ್ ಮಾಡಿದವರೇ ಹಿಗ್ಗಿಸಿರುತ್ತಾರೆ. ಹಾಗಿರುವಾಗ ಚಾಲಕನ ಮುಂದಿನ ಡಯಲುಗಳಿಗೆ ಕುಂಚ ಹಿಡಿಯದೆ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಹಚ್ಚಿದರೆ ತಪ್ಪೇನು? ಮುಚ್ಚಿಹೋಗುವ ಒಳಭಾಗಕ್ಕೆ ಬಣ್ಣ ಬಿಟ್ಟರೂ ನಡೆಯುತ್ತದೆ.

ಆದರೆ ಕೆಲವು ಅಡ್ಡದಾರಿಗಳು ಆಮೇಲೆ ದಂಡ ವಸೂಲಿ ಮಾಡುತ್ತವೆ. ಹೊಳಪಿನ ವಾರ್ನಿಶ್ ಬಳಿಯದೆ ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲೆಯೇ ಡೆಕಾಲ್ ಅಂಟಿಸಿದರೆ, ತರಿತರಿ ಮೈಯಲ್ಲಿ ಗಾಳಿ ಸಿಕ್ಕಿಕೊಂಡು ಅಂಚೆಲ್ಲ ಬೆಳ್ಳಿಯಂತೆ ಮಿನುಗುತ್ತದೆ. ಸೂಜಿಯಿಂದ ಚುಚ್ಚಿ, ಡೆಕಾಲ್ ಮೆದುಗೊಳಿಸುವ ದ್ರಾವಣ ಸವರಿದರೆ ಸ್ವಲ್ಪ ಸರಿಹೋದೀತು, ಪೂರ್ತಿ ಅಲ್ಲ.

ಕಾಸರಗೋಡಿನವರಿಗೆ ಇನ್ನೊಂದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೇಗ ಮುಗಿಯಲೆಂದು ಲ್ಯಾಕರ್ (ಬೇಗ ಆರುವ ದ್ರಾವಕದ ಬಣ್ಣ) ಸ್ಪ್ರೇ ಡಬ್ಬ ಎತ್ತಬೇಡಿ. ದ್ರಾವಕ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಕು ಹಿಡಿಯುತ್ತದೆ. ನೀರಲ್ಲಿ ಕರಗುವ ಅಕ್ರಿಲಿಕ್ಕನ್ನು ಕುಂಚದಿಂದ ಎರಡು-ಮೂರು ತೆಳು ಪದರ ಬಳಿಯಿರಿ. ಮಳೆಗಾಲದಲ್ಲಿ ಪ್ರತಿ ಪದರ ಆರಲು ಹೆಚ್ಚು ಹೊತ್ತು ಕೊಡಿ.