ಬಾಗಿಸಿದಾಗ ಬಣ್ಣ ಬಿರುಕು ಬಿಡುವುದಕ್ಕೆ

ಚರ್ಮದ ಜುಟ್ಟಿನ ಕ್ಲಿಪ್ಪಿಗೆ ಹೂವು ಬರೆದಿದ್ದೀರಿ, ಕೂದಲಿಗೆ ಹಾಕಿ ಬಾಗಿಸಿದ ಕೂಡಲೇ ಬಣ್ಣ ಬಿರುಕು ಬಿಟ್ಟಿತು ಅಂದಿರಿ. ಬೇಸರ ಮಾಡಿಕೊಳ್ಳಬೇಡಿ. ನನಗೂ ಮೊದಲ ನಾಲ್ಕೈದು ಹೀಗೇ ಹಾಳಾಗಿದ್ದವು.

ಮುಖ್ಯ ಕಾರಣ ಕೆಲಸದ ಕ್ರಮ. ನೀವು ಚಪ್ಪಟೆಯಾಗಿರುವಾಗ ಬಣ್ಣ ಹಚ್ಚಿ ಆಮೇಲೆ ಬಾಗಿಸಿದ್ದೀರಿ ಅಲ್ವಾ? ಆ ಕ್ರಮವನ್ನು ಅದಲುಬದಲು ಮಾಡಿ: ಮೊದಲು ಬಾಗಿಸಿ, ಆಮೇಲೆ ಬಣ್ಣ ಹಚ್ಚಿ. ಮರದ ತೊಗಟೆಯಲ್ಲಿ ಹದ ಮಾಡಿದ, ಸುಮಾರು 2 ಮಿ.ಮೀ. ದಪ್ಪದ ಚರ್ಮ ತೆಗೆದುಕೊಳ್ಳಿ. ಕತ್ತರಿಸಿ, ಜುಟ್ಟು ಹಿಡಿದಿಡುವ ಕಡ್ಡಿ ತೂರಿಸಲು ಎರಡು ತೂತು ಮೊದಲೇ ಹೊಡೆಯಿರಿ. ನೀರಲ್ಲಿ ಅದ್ದಿ. ಗುಳ್ಳೆ ಏಳುವುದು ನಿಂತ ಮೇಲೆ ಗಾಜಿನ ಬಾಟಲಿಗೆ ಸುತ್ತಿ ಬಟ್ಟೆಯಿಂದ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಲು ಬಿಡಿ. ಬಿಚ್ಚಿದಾಗ ಆ ಬಾಗು ಹಾಗೇ ನಿಲ್ಲುತ್ತದೆ. ಕ್ರೋಮ್ ಹದದ (ಕ್ರೋಮಿಯಂ ಲವಣದಲ್ಲಿ ಹದ ಮಾಡಿದ) ಮೆತ್ತನೆ ಚರ್ಮ ಹೀಗೆ ನಿಲ್ಲುವುದಿಲ್ಲ.

ಚರ್ಮಕ್ಕೆ ಮೊದಲೇ ಪಾಲಿಶ್ ಇದ್ದರೆ ಹತ್ತಿಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ಬಣ್ಣ ಚರ್ಮಕ್ಕೆಂದೇ ಮಾಡಿದ ಅಕ್ರಿಲಿಕ್ ಆಗಿರಲಿ, ಅದು ಒಣಗಿದರೂ ಬಾಗುತ್ತದೆ. ಒಂದೇ ಸಲ ದಪ್ಪಗೆ ಬಳಿಯಬೇಡಿ. ನೀರು ಬೆರೆಸಿ ತೆಳ್ಳಗೆ ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಸಲವೂ ಒಣಗಲು ಬಿಡಿ. ಹಳದಿ, ಬಿಳಿಗೆ ಇನ್ನೂ ಒಂದೆರಡು ಜಾಸ್ತಿ ಬೇಕಾಗುತ್ತದೆ.

ಇನ್ನೊಂದು, ನಮ್ಮ ತಲೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದಲ್ಲ! ಮೇಲೆ ಏನೂ ಹಚ್ಚದ ಚರ್ಮ ಅದನ್ನು ಹೀರಿ ಕಪ್ಪಾಗುತ್ತದೆ. ಹಾಗಾಗಿ ಕೊನೆಗೆ ಹಚ್ಚುವ ಅಕ್ರಿಲಿಕ್ ಫಿನಿಶರ್ (ಬಣ್ಣ ಕಾಪಾಡುವ ಪಾರದರ್ಶಕ ಲೇಪ) ಅನ್ನು ಮುಂದೆ ಮಾತ್ರವಲ್ಲ, ಹಿಂಬದಿ, ಅಂಚು, ತೂತಿನ ಒಳಗೂ ಹಚ್ಚಿ. ಮುಂದಿನದು ಹೇಗೆ ಬಂತು ಅಂತ ಫೋಟೋ ಹಾಕಿ, ನೋಡಲು ಆಸೆಯಿದೆ.