ಬಾಡಿಗೆ ಮನೆಗೆ ಯಾವ ವೈರ್, ಯಾವ ಬಲ್ಬ್?

ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಲ್ಲಿ ಊಟದ ಮೇಜಿನ ಮೇಲೆ ತೂಗುದೀಪ ಹಾಕಬೇಕು, ಬಾಲ್ಕನಿಗೂ ಒಂದು ಲೈಟ್ ಬೇಕು, ಜೊತೆಗೆ ಇಂಡಕ್ಷನ್ ಒಲೆಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಾಕಾ ಅಂತ ಕೇಳಿದ್ದೀರಿ.

ಮೊದಲು ಒಲೆ ವಿಷಯ. ದಯವಿಟ್ಟು ಬೇಡ. 2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಾಮೂಲಿ ಬಾಕ್ಸಿನ ಸಣ್ಣ ಪಿನ್ನು 6 ಆಂಪಿಯರ್‌ನದ್ದು. ನಾನೂ ಒಮ್ಮೆ ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂರಿಸೋ ಕನ್ವರ್ಟರ್ ಹಾಕಿ ಹಾಲು ಕಾಯಿಸೋಕೆ ಹೋಗಿದ್ದೆ. ಹಾಲು ಉಕ್ಕೋ ಮುಂಚೆಯೇ ಸುಟ್ಟ ವಾಸನೆ ಬಂತು. ಮುಟ್ಟಿ ನೋಡಿದರೆ ವೈರು ಬಿಸಿಯಾಗಿ ಮೆತ್ತಗಾಗಿತ್ತು, ಪ್ಲಗ್ಗಿನ ಒಂದು ಪಿನ್ನು ಕಪ್ಪಗಾಗಿತ್ತು. ಒಲೆಯನ್ನು ನೇರ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ. ಇಲ್ಲದಿದ್ದರೆ ಓನರ್ ಹತ್ತಿರ ಹೇಳಿ ಹಾಕಿಸಿಕೊಳ್ಳಿ.

ತೂಗುದೀಪಕ್ಕೆ ಅಷ್ಟು ತಲೆನೋವಿಲ್ಲ. 9 ವ್ಯಾಟ್ ಎಲ್‌ಇಡಿಗೆ 0.75 ಚದರ ಮಿಲಿಮೀಟರಿನ ಫ್ಲೆಕ್ಸಿಬಲ್ ವೈರು ಧಾರಾಳ. ಆದರೆ ಶೇಡ್ ಭಾರ ಇದ್ದರೆ ವೈರಿನ ಮೇಲೆ ತೂಗುಬಿಡಬೇಡಿ, ಕೊಕ್ಕೆಗೆ ಸರಪಳಿ ಹಾಕಿ. ಲೋಹದ ಶೇಡ್ ಆದರೆ ಮೂರು ಎಳೆ ವೈರು ತಗೊಂಡು ಅರ್ತಿಂಗ್ ಕೊಡಿಸಿ. ಬಲ್ಬ್ ಹಳದಿ ಛಾಯೆಯ ಬೆಳಕಿನದ್ದು, ಅಂದರೆ 2700 ಅಥವಾ 3000 ಕೆಲ್ವಿನ್‌ದು ಇರಲಿ. 6500ರ ಬಿಳಿ ಬೆಳಕಲ್ಲಿ ಸಾರು ಕೂಡ ಸಪ್ಪೆಯಾಗಿ ಕಾಣುತ್ತೆ, ಅಲ್ವಾ?

ಬಾಲ್ಕನಿಗೆ ಮಳೆ ಹೊಡೆಯುತ್ತಾ? ಹಾಗಾದರೆ ಐಪಿ65 (ಧೂಳು, ನೀರು ಒಳಗೆ ಹೋಗಲ್ಲ ಅನ್ನೋ ಗುರುತು) ಅಂತ ಬರೆದಿರೋದನ್ನೇ ತಗೊಳ್ಳಿ.

ಬಿವಿಕೆ ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಹೋದರೆ ಎಲ್ಲ ಸಿಗುತ್ತೆ. ಹೋಗೋ ಮುಂಚೆ ಬಲ್ಬ್ ಹಾಕೋ ಹೋಲ್ಡರ್ ಪಿನ್ನಿನದ್ದಾ ತಿರುಪಿನದ್ದಾ ನೋಡಿಕೊಳ್ಳಿ. ನಾನು ನೋಡದೆ ಹೋಗಿ ಸುಮ್ನೆ ಎರಡು ಸಲ ಓಡಾಡಿದೆ.