ಬಜೆಟ್‌ನಲ್ಲಿದ್ದ ರಸ್ತೆ ಬೀದಿಗೆ ಯಾಕೆ ಬರಲಿಲ್ಲ?

ಓದುಗರೊಬ್ಬರ ಪತ್ರ: "ನಮ್ಮ ವಾರ್ಡಿನ ಕಾಂಕ್ರೀಟ್ ರಸ್ತೆಗೆ ಕಳೆದ ವರ್ಷದ ಪುರಸಭೆ ಬಜೆಟ್‌ನಲ್ಲಿ ಹಣ ಇಟ್ಟಿದ್ದರು. ಸಭೆಯಲ್ಲಿ ಪಾಸಾಗಿದೆ ಅಂತ ಸದಸ್ಯರು ಹೇಳ್ತಾರೆ, ದುಡ್ಡಿಲ್ಲ ಅಂತ ಕಚೇರಿಯವರು. ಇಬ್ಬರಲ್ಲಿ ಸುಳ್ಳು ಯಾರದು?"

ಸಂಪಾದಕರ ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು ಸ್ವಾಮಿ. ಬಜೆಟ್ ಎಂದರೆ ಖಜಾನೆಯಲ್ಲಿರುವ ಹಣವಲ್ಲ, ಬರಬಹುದಾದ ಹಣದ ಅಂದಾಜು. ಆಸ್ತಿ ತೆರಿಗೆ ಇಷ್ಟು, ನೀರಿನ ಕರ ಇಷ್ಟು, ಮಳಿಗೆ ಬಾಡಿಗೆ ಇಷ್ಟು ಎಂದು ಬರೆದು, ಅದರ ಮೇಲೆ ಖರ್ಚು ಹಂಚುತ್ತಾರೆ. ಉಳಿತಾಯ ಬಜೆಟ್ (ಖರ್ಚಿಗಿಂತ ಆದಾಯವೇ ಹೆಚ್ಚು) ಮಂಡಿಸಿದೆವು ಎನ್ನಿಸಿಕೊಳ್ಳುವ ಆಸೆಗೆ ವಸೂಲಿಯ ಅಂಕಿ ಉಬ್ಬುವುದುಂಟು. ಬಜೆಟ್ ಪುಸ್ತಕದಲ್ಲಿ ಹಿಂದಿನ ವರ್ಷ ನಿಜವಾಗಿ ಬಂದದ್ದನ್ನೂ ಬರುವ ವರ್ಷದ ಅಂದಾಜನ್ನೂ ಅಕ್ಕಪಕ್ಕ ಇಟ್ಟು ನೋಡಿ. ತೆರಿಗೆ ದರವೂ ಏರಿಲ್ಲ, ಬಾಕಿ ವಸೂಲಿಯೂ ಚುರುಕಾಗಿಲ್ಲ, ಆದರೂ ಅಂದಾಜು ಮಾತ್ರ ಒಂದೂವರೆ ಪಟ್ಟು ಎಂದಾದರೆ ಕೊರತೆ ಬೀಳುವುದು ಮೊದಲು ರಸ್ತೆ, ಚರಂಡಿಗೇ. ಸಂಬಳ, ಕರೆಂಟ್ ಬಿಲ್ ನಿಲ್ಲುವಂತಿಲ್ಲವಲ್ಲ.

ಬಂದ ಹಣವೂ ಎಲ್ಲಕ್ಕೂ ಸಲ್ಲದು. ಕೇಂದ್ರದ ಹಣವನ್ನು ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಹಂಚುವ ಬಗೆ ಸೂಚಿಸುವ 15ನೇ ಹಣಕಾಸು ಆಯೋಗ 2021-22ರಿಂದ 2025-26ರ ವರೆಗೆ ಸಣ್ಣ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ: ಆ 60ರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ. ಅದನ್ನು ರಸ್ತೆಗೆ ತಿರುಗಿಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಏಳುತ್ತದೆ. ಪುರಸಭೆಯ ಸ್ವಂತ ನಿಧಿಯಲ್ಲೂ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ 7.25, ಅಂಗವಿಕಲರಿಗೆ 5 ಎಂದು ಎತ್ತಿಡುವುದಿದೆ. ಅದು ಇರಬೇಕಾದದ್ದೇ. ವರ್ಷ ಮುಗಿದರೂ ಖರ್ಚಾಗದೆ ಉಳಿದಿದ್ದರೆ ಅದನ್ನೂ ಪ್ರಶ್ನಿಸಿ.

ಹಾಗಾಗಿ "ಪಾಸಾಯ್ತಾ?" ಎಂದು ಕೇಳಿ ಪ್ರಯೋಜನವಿಲ್ಲ, "ಕಡತ ಯಾವ ಹಂತದಲ್ಲಿದೆ?" ಎನ್ನಿ. ಬಜೆಟ್ ಆದಮೇಲೆ ಕಾಮಗಾರಿಯ ಹೆಸರು ಕ್ರಿಯಾ ಯೋಜನೆಗೆ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಗೆ, ಬರಬೇಕು. ಎಂಜಿನಿಯರ್ ಖರ್ಚಿನ ಅಂದಾಜು ಪಟ್ಟಿ ಮಾಡಬೇಕು, ಆಡಳಿತಾತ್ಮಕ ಅನುಮೋದನೆ (ಕೆಲಸಕ್ಕೂ ಖರ್ಚಿಗೂ ಒಪ್ಪಿಗೆ) ಮತ್ತು ತಾಂತ್ರಿಕ ಮಂಜೂರಾತಿ (ಎಂಜಿನಿಯರ್ ಅಂದಾಜಿಗೆ ಒಪ್ಪಿಗೆ) ಸಿಗಬೇಕು. ಆಮೇಲೆ ಟೆಂಡರು, ಗುತ್ತಿಗೆದಾರರಿಗೆ ಕೆಲಸ ಶುರುಮಾಡಿ ಎನ್ನುವ ಕಾರ್ಯಾದೇಶ. ಕ್ರಿಯಾ ಯೋಜನೆಯಲ್ಲೇ ಹೆಸರಿಲ್ಲದಿದ್ದರೆ ಬಜೆಟ್ ಭಾಷಣದ ಸಾಲು ಹಿಡಿದು ಅಲೆಯಬೇಡಿ. ಹಳೆಯ ಬಿಲ್ ಬಾಕಿ ಇರುವ ಊರಲ್ಲಿ ಟೆಂಡರಿಗೆ ಗುತ್ತಿಗೆದಾರರೇ ಬಾರದೆ ಮರುಟೆಂಡರ್ ಆಗುವುದೂ ಉಂಟು.

ಕೆಲಸ ಶುರುವಾದರೆ ಕಣ್ಣಿಡಬೇಕಾದದ್ದು ಅಳತೆ ಪುಸ್ತಕದ ಮೇಲೆ, ಅದೇ ಎಂ.ಬಿ. ಬಿಲ್ ಆಗುವುದು ಅದರಲ್ಲಿ ಬರೆದ ಅಳತೆಗೆ. 100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದರೆ 52.5 ಘನ ಮೀಟರ್ ಕಾಂಕ್ರೀಟ್. ದಪ್ಪ 12 ಸೆಂಟಿಮೀಟರ್‌ಗೆ ಇಳಿದರೆ 42. ಮೇಲಿನಿಂದ ನೋಡಿದವರಿಗೆ ಏನೂ ತಿಳಿಯದು, ಐದರಲ್ಲಿ ಒಂದು ಪಾಲು ಮಾತ್ರ ಮಾಯ! ಕಾಂಕ್ರೀಟ್ ಸುರಿಯುವ ದಿನವೇ, ಸುರಿಯುವ ಮುನ್ನ ಹೋಗಿ, ಅಂಚಿಗೆ ಕಟ್ಟಿದ ಹಲಗೆಯ ಒಳಬದಿ ಟೇಪು ಹಿಡಿಯಿರಿ. ಅಂಚಿನಲ್ಲಷ್ಟೇ ಅಳೆದು ಬರಬೇಡಿ. ನೆಲ ಸಮತಟ್ಟು ಮಾಡದೆ ಸುರಿದರೆ ದಪ್ಪ ಕಡಿಮೆ ಬೀಳುವುದು ನಡುಭಾಗದಲ್ಲಿ. ಎರಡು ಬದಿಯ ಹಲಗೆಗೆ ಅಡ್ಡಲಾಗಿ ದಾರ ಬಿಗಿದು, ದಾರದಿಂದ ನೆಲಕ್ಕೆ ಮೂರ‍್ನಾಲ್ಕು ಕಡೆ ಅಳೆಯಿರಿ.

ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ರಾಜ್ಯದ ನಿಯಮದಂತೆ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಕಥೆ ಬರೆದರೆ ತಿರಸ್ಕಾರಕ್ಕೆ ನೆಪ ಸಿಕ್ಕಂತೆ. "ಇಂಥ ವಾರ್ಡಿನ ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ದೃಢೀಕೃತ ಪ್ರತಿ" ಎಂದಷ್ಟೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅದನ್ನು ಕೇಳುವವರು ಕಡಿಮೆ, ನೀವು ಕೇಳಿ.